ಫ್ರಾಂಕ್‌ಫರ್ಟಿನ ಬೀದಿ, ಹೇಮಾವತಿ ದಡದ ಕೇರಿ

ಓದಲು ಯುರೋಪಿಗೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ರಜೆಯಲ್ಲಿ ಊರಿಗೆ ಕಳಿಸುವ ಫೋಟೋಗಳಲ್ಲಿ ಒಂದು ಯೆಹೂದಿ ಬೀದಿ ಇದ್ದೇ ಇರುತ್ತದೆ. ಪ್ರಾಗ್ ನಗರದ ಯೋಸೆಫೊವ್‌ನಲ್ಲಿ ಒಂದರ ಮೈಮೇಲೊಂದು ವಾಲಿಕೊಂಡ ಗೋರಿಗಲ್ಲುಗಳು, ಕ್ರಾಕೋವಿನ ಕಾಜಿಮಿಯೆಜ್‌ನ ಕಲ್ಲುಹಾಸಿನ ಓಣಿ, ವೆನಿಸ್ಸಿನಲ್ಲಿ ಕಾಲುವೆಯ ಪಕ್ಕ ಏಳಂತಸ್ತು ಎದ್ದು ನಿಂತ ಹಳೆಯ ಮನೆ. ಚಿತ್ರದ ಕೆಳಗೆ ‘ಹಳೇ ಪಟ್ಟಣದ ಸೊಬಗು’ ಎಂಬಂಥ ಒಂದು ಸಾಲು. ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಹೈಸ್ಕೂಲು ಓದಿ, ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ, ಸಾಲ ಮಾಡಿ ಅಷ್ಟು ದೂರ ಹೋದ ಮಕ್ಕಳು ನಾಲ್ಕು ದಿನ ಸಂತೋಷವಾಗಿ ಸುತ್ತಾಡಿದರೆ ಯಾರೂ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ನನ್ನ ತಕರಾರು ಸುತ್ತಾಟದ ಮೇಲಲ್ಲ. ಆ ಬೀದಿಯನ್ನು ಸರಿಯಾಗಿ ಓದುವ ಶಕ್ತಿ ಅಲ್ಲಿಗೆ ಬರುವ ಅಮೆರಿಕದ, ಜಪಾನಿನ ಪ್ರವಾಸಿಗಿಂತ ಹೇಮಾವತಿ ದಡದ ಅಕ್ಕಿಹೆಬ್ಬಾಳಿನಂಥ ಊರಿನಿಂದ ಹೋದವನಿಗೆ ಹೆಚ್ಚಾಗಿದೆ. ಅದನ್ನು ಅವನು ಬಳಸುವುದಿಲ್ಲ. ಬಳಸಿದರೆ ತನ್ನೂರಿನ ನಕ್ಷೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ ಎಂಬುದೇ ಕಾರಣವೆಂದು ನನ್ನ ಅನುಮಾನ.

ಫ್ರಾಂಕ್‌ಫರ್ಟನ್ನೇ ನೋಡೋಣ. ಬೆಂಗಳೂರಿನಿಂದ ಹೋದ ಅನೇಕರು ವಿಮಾನ ಇಳಿಯುವುದು ಅಲ್ಲಿ. ಕೆಲಸ ಸಿಕ್ಕವರಲ್ಲಿ ಎಷ್ಟೋ ಜನ ನೆಲೆಯಾಗುವುದೂ ಅಲ್ಲೇ. ಆ ಊರಿನಲ್ಲಿ ಯೆಹೂದಿಗಳು ಮೊದಲು ದೊಡ್ಡ ಚರ್ಚಿನ ಆಸುಪಾಸಿನಲ್ಲೇ ಬದುಕಿದ್ದರು. 15ನೇ ಶತಮಾನದ ನಡುವೆ ಚಕ್ರವರ್ತಿ ಮೂರನೇ ಫ್ರೆಡ್ರಿಕ್‌ನ ಒತ್ತಡದಿಂದ ನಗರಸಭೆ ಅವರನ್ನು ಅಲ್ಲಿಂದ ಎಬ್ಬಿಸಿ, 1462ರಲ್ಲಿ ಹಳೇ ಕೋಟೆಗೋಡೆಯ ಆಚೆಗಿನ ಒಂದೇ ಬೀದಿಗೆ, ಅಂದರೆ ಘೆಟ್ಟೋಗೆ, ಸೇರಿಸಿತು. ಸುಮಾರು 330 ಮೀಟರ್ ಉದ್ದ, ಮೂರು ನಾಲ್ಕು ಮೀಟರ್ ಅಗಲ, ಮೂರು ಬಾಗಿಲು. ರಾತ್ರಿ ಬಾಗಿಲು ಮುಚ್ಚುತ್ತಿದ್ದರು. ಭಾನುವಾರ ಮತ್ತು ಕ್ರೈಸ್ತ ಹಬ್ಬದ ದಿನಗಳಲ್ಲೂ ಮುಚ್ಚುತ್ತಿದ್ದರು. ನೂರು ಚಿಲ್ಲರೆ ಜನರಿಗೆಂದು ಹಾಕಿದ ಬೀದಿಯಲ್ಲಿ ಒಂದೂವರೆ ಶತಮಾನದೊಳಗೆ ಮೂರು ಸಾವಿರದಷ್ಟು ಜನ ತುಂಬಿದರು. ಅಗಲಕ್ಕೆ ಜಾಗ ಕೊಡಲಿಲ್ಲವಾದ್ದರಿಂದ ಮನೆಗಳನ್ನು ಸೀಳಿ ಸೀಳಿ, ಮೇಲಕ್ಕೆ ಎತ್ತಿ, ಹಿತ್ತಲಲ್ಲಿ ಇನ್ನೊಂದು ಸಾಲು ಕಟ್ಟಿಕೊಂಡರು. 1614ರಲ್ಲಿ ಫೆಟ್‌ಮಿಲ್ಕ್ ಎಂಬುವನ ಮುಂದಾಳತ್ವದಲ್ಲಿ ದಂಗೆ ಎದ್ದು ಬೀದಿ ಲೂಟಿಯಾಯಿತು. ಚಕ್ರವರ್ತಿ ದಂಗೆಕೋರರನ್ನು ಶಿಕ್ಷಿಸಿ ಯೆಹೂದಿಗಳನ್ನು ಮತ್ತೆ ಕರೆತಂದು ಕೂರಿಸಿದ, ಜೊತೆಗೆ ಹೊಸ ಕಟ್ಟಳೆಯನ್ನೂ ಕೊಟ್ಟ: ಐನೂರು ಕುಟುಂಬ ಮೀರುವಂತಿಲ್ಲ, ವರ್ಷಕ್ಕೆ ಹನ್ನೆರಡು ಮದುವೆ ಮೀರುವಂತಿಲ್ಲ.

ಈ ವಿವರಗಳಲ್ಲಿ ನಮ್ಮ ಹುಡುಗನಿಗೆ ಹೊಸದು ಯಾವುದು? ಮದುವೆಯ ಲೆಕ್ಕ ಹೊಸದು. ಬಾಗಿಲಿಗೆ ಬೀಗ ಹಾಕುವುದು ಹೊಸದು. ಉಳಿದದ್ದು, ಅಂದರೆ ಯಾರು ಎಲ್ಲಿ ಇರಬೇಕು, ಯಾವ ಹೊತ್ತಿನಲ್ಲಿ ಯಾವ ದಾರಿಯಲ್ಲಿ ಬರಬೇಕು, ಯಾವ ನೀರು ಮುಟ್ಟಬೇಕು ಎಂದು ಊರೇ ಕೂತು ಗೊತ್ತುಮಾಡುವುದು, ಅವನಿಗೆ ತಾತನ ಕಾಲದ ಮಾತೂ ಅಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಯಾವ ಹಳ್ಳಿಗೆ ಬೇಕಾದರೂ ಹೋಗಿ, ಬಸ್ಸು ಇಳಿದು ಹತ್ತು ನಿಮಿಷ ಸುತ್ತಿದರೆ ದೇವಸ್ಥಾನ ಎಲ್ಲಿ, ಗೌಡರ ಬೀದಿ ಎಲ್ಲಿ, ಕೇರಿ ಎಲ್ಲಿ ಎಂದು ಯಾರನ್ನೂ ಕೇಳದೆ ತಿಳಿಯುತ್ತದೆ. ಊರು ಮುಗಿದು ಒಂದು ಬಯಲೋ ಕಾಲುವೆಯೋ ಬಂದು, ಅದರಾಚೆ ಮತ್ತೆ ಮನೆಗಳು ಸುರುವಾಗುತ್ತವೆ. ಆ ನಡುವಿನ ಖಾಲಿ ಜಾಗವೇ ನಮ್ಮ ಗೋಡೆ. ಕಲ್ಲು ಗಾರೆಯ ಖರ್ಚಿಲ್ಲದೆ ಕಟ್ಟಿದ್ದರಿಂದ ಒಡೆಯುವುದು ಕಷ್ಟವಾಯಿತು.

ಇದು ನನ್ನ ಸ್ವಂತ ಶೋಧವೇನಲ್ಲ. ಅಂಬೇಡ್ಕರ್ ಬಿಟ್ಟುಹೋದ ಅಪೂರ್ಣ ಹಸ್ತಪ್ರತಿಯೊಂದರ ಹೆಸರೇ ‘ಅಸ್ಪೃಶ್ಯರು ಅಥವಾ ಭಾರತದ ಘೆಟ್ಟೋದ ಮಕ್ಕಳು’. ಲಂಡನ್ನಿನ ಯೆಹೂದಿಗಳ ಬದುಕಿನ ಮೇಲೆ ಇಸ್ರೇಲ್ ಜಾಂಗ್‌ವಿಲ್ 1892ರಲ್ಲಿ ಪ್ರಕಟಿಸಿದ ಕಾದಂಬರಿಯ ಹೆಸರನ್ನು ಅದು ನೆನಪಿಗೆ ತರುತ್ತದೆ. ಗಾಂಧಿ ಕೂಡ 1938ರ ನವೆಂಬರಿನಲ್ಲಿ, ಜರ್ಮನಿಯಲ್ಲಿ ಯೆಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿದ್ದ ಎರಡೇ ವಾರಕ್ಕೆ, ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಕ್ರೈಸ್ತ ಜಗತ್ತು ಯೆಹೂದಿಗಳನ್ನು ನಡೆಸಿಕೊಂಡ ರೀತಿಗೂ ಹಿಂದೂಗಳು ಅಸ್ಪೃಶ್ಯರನ್ನು ನಡೆಸಿಕೊಂಡ ರೀತಿಗೂ ತೀರ ಹತ್ತಿರದ ಹೋಲಿಕೆ ಇದೆ ಎಂದು ಬರೆದರು. ಬೇರೆ ವಿಷಯಗಳಲ್ಲಿ ಒಬ್ಬರಿಗೊಬ್ಬರು ಒಪ್ಪದ ಈ ಇಬ್ಬರಿಗೂ ಈ ಒಂದು ಹೋಲಿಕೆ ಹೊಳೆದಿತ್ತು. ಹಾಗಿದ್ದೂ ನಮ್ಮ ಪ್ರವಾಸಕಥನಗಳಲ್ಲಿ ಅದು ಕಾಣುವುದು ಅಪರೂಪ.

ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನೂ ಹೇಳಬೇಕು. ನಾಜಿಗಳು ಅರವತ್ತು ಲಕ್ಷ ಯೆಹೂದಿಗಳನ್ನು ಕೊಂದ ಕಥೆಯ ಪಕ್ಕಕ್ಕೆ ಇನ್ನೊಂದನ್ನು ತಂದು ತೂಗುವುದು ಅಸಭ್ಯ. ದುಃಖದ ಪಂದ್ಯದಲ್ಲಿ ಯಾರಿಗೂ ಗೆಲುವಿಲ್ಲ. ನಾನು ಹೋಲಿಸುತ್ತಿರುವುದು ಬೀದಿಯನ್ನು. ಬೀದಿಗೆ ಬಂದರೂ ಒಂದು ದೊಡ್ಡ ವ್ಯತ್ಯಾಸವಿದೆ, ಮತ್ತು ಅದು ನಮ್ಮ ಪರವಾಗಿಲ್ಲ. ಫ್ರಾಂಕ್‌ಫರ್ಟಿನ ಬೀದಿಯೊಳಗೆ ಅಕ್ಷರ ಇತ್ತು. ಅವರದೇ ಶಾಲೆ, ಅವರದೇ ನ್ಯಾಯ ಪಂಚಾಯಿತಿ, ಸತ್ತವರ ಹೆಸರು ಬರೆದಿಡುವ ಅವರದೇ ಪುಸ್ತಕ ಇದ್ದವು. ತೆರಿಗೆಗೆಂದು ನಗರಸಭೆಯೂ ಮನೆಮನೆಯ ಲೆಕ್ಕ ಇಟ್ಟಿತ್ತು. ಹಾಗಾಗಿ 1744ರಲ್ಲಿ ಮೇಯರ್ ಆಮ್‌ಶೆಲ್ ರಾತ್ಸ್‌ಚೈಲ್ಡ್, 1786ರಲ್ಲಿ ಲೇಖಕ ಲುಡ್ವಿಗ್ ಬೋರ್ನೆ ಹುಟ್ಟಿದ್ದು ಆ ಬೀದಿಯಲ್ಲೇ ಎಂದು ಇವತ್ತು ಖಚಿತವಾಗಿ ಹೇಳಬಹುದು. ನಮ್ಮಲ್ಲಿ ಬರವಣಿಗೆ ಇದ್ದದ್ದು ಒಂದೇ ಕಡೆ. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳನ್ನೆಲ್ಲ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೇ ಪರಿಷ್ಕೃತ ಸಂಪುಟದಲ್ಲಿ ಒಟ್ಟಿಗೆ ನೋಡಬಹುದು. ಅಗ್ರಹಾರ ಕೊಟ್ಟ ಶಾಸನಗಳಲ್ಲಿ ವೃತ್ತಿ ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ ಎಲ್ಲ ಬರುತ್ತವೆ. ಅದೇ ಅಗ್ರಹಾರದ ಗದ್ದೆ ಉತ್ತವರು, ಸತ್ತ ದನ ಎತ್ತಿದವರು, ಊರ ಕಾವಲಿದ್ದವರು ಎಲ್ಲಿದ್ದರು, ಅವರ ಹೆಸರೇನು ಎಂಬುದಕ್ಕೆ ಕಲ್ಲಿನಲ್ಲಿ ಜಾಗ ಸಿಕ್ಕಲಿಲ್ಲ. ಅವರ ನೆನಪು ಉಳಿದದ್ದು ಬಾಯಲ್ಲಿ. ಮಳವಳ್ಳಿ ಕಡೆಯ ನೀಲಗಾರರು ಇವತ್ತಿಗೂ ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯ ಅಂಥದ್ದು. ಕೇರಿಯೊಳಗೆ ಹುಟ್ಟಿದವರೇ ಕೇರಿಯ ಬಗ್ಗೆ ಬರೆದ ಗದ್ಯ ಕನ್ನಡದಲ್ಲಿ ಬಂದದ್ದು ತೀರ ಈಚೆಗೆ: ದೇವನೂರ ಮಹಾದೇವ, ಸಿದ್ಧಲಿಂಗಯ್ಯ, ಅರವಿಂದ ಮಾಲಗತ್ತಿ. ಸಾವಿರ ವರ್ಷದ ಸಾಹಿತ್ಯಕ್ಕೆ ಐವತ್ತು ಅರವತ್ತು ವರ್ಷದ ಉತ್ತರ.

ಇಷ್ಟು ಹೇಳಿದರೆ ಒಂದು ಮಾತು ತಪ್ಪದೆ ಬರುತ್ತದೆ: ‘ಯುರೋಪಿನವರು ಯೆಹೂದಿಗಳನ್ನು ಕೂಡಿಹಾಕಿದರು, ಕೊಂದರು; ಭಾರತದಲ್ಲಿ ಅವರಿಗೆ ಯಾವತ್ತೂ ತೊಂದರೆಯಾಗಲಿಲ್ಲ.’ ವಿದೇಶದಲ್ಲಿರುವ ನಮ್ಮವರು ಯೆಹೂದಿ ಸಹಪಾಠಿಗಳ ಮುಂದೆ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಬಹುಮಟ್ಟಿಗೆ ನಿಜವೂ ಹೌದು. 12ನೇ ಶತಮಾನದಲ್ಲಿ, ನಮ್ಮ ತೊಣ್ಣೂರಿನ ಕಡೆ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ ಇದ್ದಾಗಲೇ, ಟ್ಯುನೀಶಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೆಲಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅಶು ಎಂಬ ಇಲ್ಲಿನ ಹೆಣ್ಣಿನ ಜೊತೆ ಸಂಸಾರ ಮಾಡಿದ. ಅವನ ಕಾಗದಗಳು ಕೈರೋದ ಸಿನಗಾಗ್‌ನಲ್ಲಿ ಉಳಿದು ಸಿಕ್ಕಿದ್ದರಿಂದ ಅವನ ಆಳು ಬೊಮ್ಮನ ಹೆಸರೂ ನಮಗೆ ಗೊತ್ತಾಯಿತು. ಅಮಿತಾವ್ ಘೋಷ್ ಆ ಎಳೆ ಹಿಡಿದೇ 1992ರಲ್ಲಿ ಒಂದು ಪುಸ್ತಕ ಬರೆದರು. ತುಳುನಾಡಿನ ಒಬ್ಬ ಆಳಿನ ಹೆಸರು ತಿಳಿಯಲು ಈಜಿಪ್ಟಿನ ಕಾಗದ ಬೇಕಾಯಿತು ಎಂಬುದನ್ನು ಹಿಂದಿನ ಶಾಸನದ ಮಾತಿಗೆ ಸೇರಿಸಿಕೊಂಡು ಓದಬೇಕು.

ಶ್ರೀರಂಗಪಟ್ಟಣಕ್ಕೇ ಅಂಟಿಕೊಂಡ ಕಥೆಯೂ ಒಂದಿದೆ. ಕೋಟೆ ನೋಡಲು ಬಂದವರಿಗೆ ಕರ್ನಲ್ ಬೇಲಿಯ ಬಂದೀಖಾನೆ ತೋರಿಸುತ್ತಾರೆ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕ ಈ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ 1782ರಲ್ಲಿ ಸತ್ತದ್ದು ಗೈಡುಗಳ ಬಾಯಲ್ಲಿ ಪಾಠದ ಹಾಗೆ ಬರುತ್ತದೆ. ಅದೇ ಎರಡನೇ ಮೈಸೂರು ಯುದ್ಧದಲ್ಲಿ ಸೆರೆಯಾದ ಇನ್ನೊಬ್ಬ ಸಾಮುವೆಲ್ ಎಜೆಕಿಯಲ್ ದಿವೇಕರ್, ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದಿ, ಕಂಪನಿಯ ಮುಂಬಯಿ ಸೈನ್ಯದ ಅಧಿಕಾರಿ. ಅವನ ಸಮುದಾಯ ಹೇಳಿಕೊಂಡು ಬಂದಿರುವ ಕಥೆಯಂತೆ ‘ನೀನು ಯಾವ ಮತದವನು’ ಎಂದು ಟಿಪ್ಪು ಕೇಳಿದ. ‘ಬೆನೆ ಇಸ್ರೇಲ್’ ಎಂದು ಇವನು ಹೇಳಿದ. ಕುರಾನಿನಲ್ಲಿ ಆ ಜನದ ಹೆಸರು ಬರುತ್ತದೆಂದು ತಿಳಿದಿದ್ದ ಟಿಪ್ಪುವಿನ ತಾಯಿ ಅವನ ಜೀವ ಉಳಿಸುವಂತೆ ಕೇಳಿಕೊಂಡಳು. ಬದುಕಿ ಹಿಂದಿರುಗಿದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್ ಕಟ್ಟಿಸಿದ. ಅದಕ್ಕೆ ಕರುಣೆಯ ಬಾಗಿಲು ಎಂಬರ್ಥದ ಹೆಸರಿದೆ. ಮರುವರ್ಷ ಕೊಚ್ಚಿಯಲ್ಲಿ ತೀರಿಕೊಂಡ. ಮುಂಬಯಿಯ ಸಾಮುವೆಲ್ ಸ್ಟ್ರೀಟ್ ಅವನ ಹೆಸರಿನದು. ಕಥೆಯಲ್ಲಿ ಚರಿತ್ರೆಯೆಷ್ಟು, ಭಕ್ತಿಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ, ಆದರೆ ಸಿನಗಾಗ್ ಇದೆ, ಬೀದಿ ಇದೆ. ಶ್ರೀರಂಗಪಟ್ಟಣದ ಯಾವ ಗೈಡೂ ಅವನ ಹೆಸರು ಹೇಳಿದ್ದು ನಾನು ಕೇಳಿಲ್ಲ.

ಯೆಹೂದಿಗಳಿಗೆ ಇಲ್ಲಿ ಬೀಗದ ಬಾಗಿಲು ಯಾಕೆ ಬೇಕಾಗಲಿಲ್ಲ ಎಂಬ ಪ್ರಶ್ನೆಗೆ ನಮ್ಮ ಹೆಮ್ಮೆ ಉತ್ತರ ಕೊಡುವುದಿಲ್ಲ. ದಿವೇಕರನ ಜನ ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಆಡಿಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡರು. ಅಂದರೆ ಗಾಣಿಗರಲ್ಲಿ ಒಂದು ಒಳಪಂಗಡ. ಹೊಸದಾಗಿ ಬಂದವರಿಗೆ ಕೂರಲು ಒಂದು ಮೆಟ್ಟಿಲು ಇಲ್ಲಿ ಮೊದಲೇ ಸಿದ್ಧವಾಗಿತ್ತು. ಮೆಟ್ಟಿಲ ಮೇಲೆ ಕೂತವರನ್ನು ಯಾರೂ ಓಡಿಸಲಿಲ್ಲ, ಇಳಿದು ಮೇಲಕ್ಕೆ ಹತ್ತಲೂ ಬಿಡಲಿಲ್ಲ. ಇದನ್ನು ಸಹನೆ ಎಂದು ಕರೆಯಬಹುದು. ನನಗೆ ಅದು ವ್ಯವಸ್ಥೆಯ ಆತ್ಮವಿಶ್ವಾಸದಂತೆ ಕಾಣುತ್ತದೆ.

ಇದಕ್ಕೆ ಸಾಕ್ಷಿ ಹುಡುಕಲು ಪ್ರಾಗಿಗೆ ಹೋಗಬೇಕಾಗಿಲ್ಲ, ಕೊಚ್ಚಿಗೆ ಹೋದರೆ ಸಾಕು. ಮಟ್ಟಾಂಚೇರಿಯ ಜ್ಯೂ ಟೌನ್, 1568ರ ಪರದೇಸಿ ಸಿನಗಾಗ್, ನೆಲಕ್ಕೆ ಹಾಸಿದ ನೀಲಿ ಬಣ್ಣದ ಚೀನೀ ಹೆಂಚು, ಗಡಿಯಾರದ ಗೋಪುರ: ಎಲ್ಲರೂ ಫೋಟೋ ತೆಗೆಯುವ ಜಾಗಗಳು. ಇಸ್ರೇಲ್ ದೇಶ ಹುಟ್ಟಿದ ಮೇಲೆ ಜನ ಕುಟುಂಬ ಕುಟುಂಬವಾಗಿ ಅಲ್ಲಿಗೆ ಹೊರಟುಹೋಗಿ, ಈಗ ಬೀದಿಯ ತುಂಬ ಮಸಾಲೆ, ಶಾಲು, ಹಳೇ ಸಾಮಾನಿನ ಅಂಗಡಿ. ಆ ಸಿನಗಾಗ್‌ನೊಳಗೆ ಬೆಂಚಿನ ಮೇಲೆ ಕೂರುವ ಹಕ್ಕು ಎಲ್ಲ ಯೆಹೂದಿಗಳಿಗೂ ಇರಲಿಲ್ಲ. ಒಂದು ಕಾಲದಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ ವಂಶದವರು ಕೆಳಗೆ, ಒಂದು ಕಡೆ ಕೂರಬೇಕಿತ್ತು. ಆ ವಂಶದಲ್ಲೇ 1882ರಲ್ಲಿ ಹುಟ್ಟಿ ವಕೀಲರಾದ ಎ.ಬಿ. ಸೇಲಂ ಸಿನಗಾಗ್‌ನೊಳಗೇ ಸತ್ಯಾಗ್ರಹ ಹೂಡಿದರು. ಜನ ಅವರನ್ನು ಯೆಹೂದಿ ಗಾಂಧಿ ಎಂದು ಕರೆದರು. ಯುರೋಪಿನಿಂದ, ಅರಬ್ ನಾಡುಗಳಿಂದ ಓಡಿಬಂದವರು ಇಲ್ಲಿಯ ನೆಲಕ್ಕೆ ಹೊಂದಿಕೊಂಡದ್ದು ಹೀಗೆ. ಸಾವಿರಾರು ವರ್ಷದ ಧರ್ಮಗ್ರಂಥವೂ ತಡೆಯಲಾರದಷ್ಟು ನಮ್ಮ ಗಾಳಿ ಬಲವಾಗಿತ್ತು.

ಸಾಗರ ದಾಟಿದರೂ ಈ ಗಾಳಿ ಬಿಡುವುದಿಲ್ಲ. ಜರ್ಮನಿಯಲ್ಲಿ ಕೋಣೆ ಹಂಚಿಕೊಳ್ಳಲು ಜನ ಹುಡುಕುವ ನಮ್ಮವರ ವಾಟ್ಸ್ಯಾಪ್ ಗುಂಪುಗಳನ್ನು ನೋಡಿದವರಿಗೆ ‘ಪ್ಯೂರ್ ವೆಜ್ ಮಾತ್ರ’ ಎಂಬ ಸಾಲು ಏನು ಕೇಳುತ್ತಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಸಿಯಾಟಲ್ ನಗರಸಭೆ 2023ರಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟು ನಿಷೇಧಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಬೆಳಿಗ್ಗೆ ಅಂಥ ಸಂದೇಶ ಹಾಕಿ ಮಧ್ಯಾಹ್ನ ಯೆಹೂದಿ ಬೀದಿಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುವುದು ಒಬ್ಬನೇ ಮನುಷ್ಯನಿಗೆ ಸಾಧ್ಯ.

ಹಾಗಾದರೆ ಏನು ಮಾಡಬೇಕು? ಇಲ್ಲಿ ವಾದ ಸುಲಭವಾಗಿ ದಾರಿ ತಪ್ಪುತ್ತದೆ, ಯಾಕೆಂದರೆ ‘ಕೇರಿಯನ್ನೂ ಪಾರಂಪರಿಕ ತಾಣ ಮಾಡಿ’ ಎಂದುಬಿಡುವ ಉತ್ಸಾಹಿಗಳಿದ್ದಾರೆ. ಫ್ರಾಂಕ್‌ಫರ್ಟಿನ ಬೀದಿಯ ಮುಂದಿನ ಕಥೆ ಅವರಿಗೆ ಎಚ್ಚರಿಕೆಯಾಗಬೇಕು. 1796ರಲ್ಲಿ ಫ್ರೆಂಚ್ ಫಿರಂಗಿಗೆ ಬೀದಿಯ ಉತ್ತರ ಭಾಗ ಸುಟ್ಟಿತು. 1811ರಲ್ಲಿ ಯೆಹೂದಿಗಳು 4,40,000 ಗುಲ್ಡೆನ್ ತೆತ್ತು ಸಮಾನತೆಯ ಕಾಗದ ಕೊಂಡುಕೊಂಡರು, ಅದೂ ಸ್ವಲ್ಪ ವರ್ಷದಲ್ಲೇ ಕೈತಪ್ಪಿತು. ಪೂರ್ತಿ ಸಮಾನತೆ ಬಂದದ್ದು 1864ರಲ್ಲಿ. ಬಿಡುಗಡೆ ಸಿಕ್ಕ ಕೂಡಲೇ ಕೈಲಾದವರು ಬೀದಿ ಬಿಟ್ಟು ಹೊರಟರು. ಆ ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮನೆಗಳನ್ನೂ ಕೆಡವಿಯಾಗಿತ್ತು. ಬೀದಿಯ ಹೆಸರೂ 1885ರಲ್ಲಿ ಹೋಗಿ ಬೋರ್ನೆ ಬೀದಿ ಎಂದಾಯಿತು. ಇವೆಲ್ಲ ಹಿಟ್ಲರಿಗಿಂತ ಮುಂಚಿನ ಮಾತು. ಪ್ರಾಗ್‌ನಲ್ಲೂ 1890ರ ದಶಕದಲ್ಲಿ ಶುರುವಾದ ಕೊಳೆಗೇರಿ ನಿರ್ಮೂಲನೆ ಯೋಸೆಫೊವ್‌ನ ಬಹುಭಾಗ ನೆಲಸಮ ಮಾಡಿತು. ಇವತ್ತು ದುಬಾರಿ ಕೈಚೀಲಗಳ ಅಂಗಡಿ ಸಾಲು ಇರುವುದು ಆ ಜಾಗದಲ್ಲೇ. ಉಸಿರುಕಟ್ಟಿ ಬದುಕಿದವರಿಗೆ ತಮ್ಮ ಕತ್ತಲ ಕೋಣೆಯನ್ನು ಕಾಪಾಡುವ ಹಂಬಲ ಇರುವುದಿಲ್ಲ. ಕೇರಿಯಲ್ಲಿ ಸೋರುವ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸಿದವರ ಮುಂದೆ ಹೋಗಿ ಹಳೇ ಗೋಡೆಯ ಸೊಗಸಿನ ಬಗ್ಗೆ ಮಾತಾಡುವವನಿಗೆ ಸಿಗಬೇಕಾದ ಉತ್ತರವನ್ನು ಮಂಡ್ಯದ ಕನ್ನಡದಲ್ಲಿ ಬರೆದರೆ ಸಂಪಾದಕರು ಅಚ್ಚು ಮಾಡಲಾರರು.

ಕೆಡವಿದ್ದು ತಪ್ಪಲ್ಲ. ಕೆಡವಿದ ಮೇಲೆ ಏನೂ ನಡೆದೇ ಇಲ್ಲ ಎಂಬಂತೆ ಇದ್ದದ್ದು ತಪ್ಪು. 1987ರಲ್ಲಿ ಫ್ರಾಂಕ್‌ಫರ್ಟಿನ ನಗರಸಭೆ ತನ್ನ ವಿದ್ಯುತ್ತು, ನೀರು ಸರಬರಾಜು ಸಂಸ್ಥೆಗೆ ಕಟ್ಟಡ ಕಟ್ಟಲು ನೆಲ ಅಗೆದಾಗ ಹತ್ತೊಂಬತ್ತು ಮನೆಗಳ ತಳಪಾಯ, ಮಿಂದು ಮಡಿಯಾಗುವ ಕೊಳಗಳು ಸಿಕ್ಕವು. ತೆಗೆದು ಹಾಕಿ ಕಟ್ಟಡ ಮುಂದುವರಿಸುವ ಯೋಚನೆ ಆಡಳಿತದ್ದು. ಜನ ಗುಂಡಿಯೊಳಗೇ ಇಳಿದು ಪ್ರತಿಭಟಿಸಿದರು. ಕೊನೆಗೆ ಆದ ರಾಜಿಯಲ್ಲಿ ಐದು ಮನೆಗಳ ತಳಪಾಯ ಉಳಿದು, ಅದೇ ಕಟ್ಟಡದ ಕೆಳಗೆ 1992ರಲ್ಲಿ ಮ್ಯೂಸಿಯಂ ಆಯಿತು. ಪಕ್ಕದ ಹಳೇ ಸ್ಮಶಾನದ ಗೋಡೆಗೆ, ಆ ಊರಿನಿಂದ ಸಾಗಿಸಿ ಕೊಂದ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ಹೆಸರಿನ ಪುಟ್ಟ ಪುಟ್ಟ ತುಂಡುಗಳನ್ನು ಕೂರಿಸಿದ್ದಾರೆ. ಆನ್ ಫ್ರಾಂಕ್ ಹುಟ್ಟಿದ್ದು ಈ ಊರಿನಲ್ಲೇ, ಅವಳ ಹೆಸರೂ ಅಲ್ಲಿದೆ. ಅಲ್ಲಿ ಚಂದ ನೋಡಲು ಏನೂ ಇಲ್ಲ. ತಳಪಾಯದ ಕಲ್ಲು, ಹೆಸರು, ತಾರೀಖು. ಕಾಜಿಮಿಯೆಜ್‌ನ ಹೋಟೆಲುಗಳಲ್ಲಿ ಯೆಹೂದಿಗಳಿಲ್ಲದೆ ನುಡಿಸುವ ಯೆಹೂದಿ ಸಂಗೀತಕ್ಕಿಂತ ಇದು ಎಷ್ಟೋ ಮರ್ಯಾದೆಯದು. ಅಂದಹಾಗೆ, ಕ್ರಾಕೋವಿನ ಯೆಹೂದಿಗಳ ಕಥೆಯ ಸ್ಪೀಲ್‌ಬರ್ಗ್ ಸಿನಿಮಾ ನೋಡಿಕೊಂಡು ಕಾಜಿಮಿಯೆಜ್‌ಗೆ ಹೋಗುವವರಿಗೆ ನಾಜಿಗಳ ಘೆಟ್ಟೋ ಇದ್ದದ್ದು ನದಿಯಾಚೆಯ ಪೊದ್‌ಗೂಜೆಯಲ್ಲಿ ಎಂಬುದು ಹೊಳೆಯುವುದೇ ಇಲ್ಲ. ಸಿನಿಮಾದಲ್ಲಿ ಚಂದ ಕಾಣುವ ಕಡೆ ಚಿತ್ರೀಕರಿಸಿದರು, ನಿಜ ನಡೆದ ಕಡೆ ಜನ ಹೋಗುವುದು ಕಡಿಮೆ.

ನಮ್ಮಲ್ಲಿ ನಡೆದಿರುವುದು ಫ್ರಾಂಕ್‌ಫರ್ಟಿನಲ್ಲಿ ನಡೆದದ್ದರ ತಲೆಕೆಳಗು. ಬೀದಿ ಇದ್ದಲ್ಲೇ ಇದೆ, ಹೆಸರು ಮಾತ್ರ ಹೋಗಿದೆ. ಕೇರಿಗೆ ಅಂಬೇಡ್ಕರ್ ನಗರ ಎಂದೋ ಜನತಾ ಕಾಲೋನಿ ಎಂದೋ ಫಲಕ ಬಂದಿದೆ. ಅವಮಾನದ ಹೆಸರು ಹೋಗಬೇಕಾದದ್ದೇ. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಜಾತಿಸೂಚಕ ಬಡಾವಣೆಗಳ ಹೆಸರು ತೆಗೆಯಲು ನಿರ್ಧರಿಸಿದ್ದು ಸರಿ. ಆದರೆ ಹೊಸ ನಿವೇಶನ ಹಂಚುವಾಗಲೂ ಅದೇ ದಿಕ್ಕು, ಅದೇ ಬಯಲಿನಾಚೆ. ಮೇಲುಕೋಟೆಯಲ್ಲಿ ರಾಮಾನುಜರು ಅಸ್ಪೃಶ್ಯರನ್ನು ತಿರುಕುಲದವರೆಂದು ಹೆಸರಿಟ್ಟು ವರ್ಷದಲ್ಲಿ ಕೆಲವು ದಿನ ಗುಡಿಯೊಳಕ್ಕೆ ಬಿಟ್ಟರು ಎಂಬುದನ್ನು ನಮ್ಮ ಜಿಲ್ಲೆಯ ಉದಾರತೆಗೆ ಉದಾಹರಣೆಯಾಗಿ ಹೇಳುತ್ತಾ ಬಂದಿದ್ದೇವೆ. ಆ ಕಾಲಕ್ಕೆ ಅದು ದೊಡ್ಡದೇ. ಉಳಿದ ಮುನ್ನೂರ ಅರವತ್ತು ಚಿಲ್ಲರೆ ದಿನಗಳ ಬಗ್ಗೆ ಆ ಕಥೆ ಏನು ಹೇಳುತ್ತದೆ ಎಂದು ಕೇಳುವ ಅಭ್ಯಾಸ ನಮಗಿಲ್ಲ. ಶ್ರೀರಂಗಪಟ್ಟಣದ ಪಾರಂಪರಿಕ ನಡಿಗೆಯಲ್ಲಿ ಗುಡಿ, 1787ರ ಮಸೀದಿ, ಅರಮನೆ, ಸೆರೆಮನೆ, ಗಂಜಾಂ ಎಲ್ಲ ಬರುತ್ತವೆ. ಪಟ್ಟಣವನ್ನು ಗುಡಿಸಿದವರು, ಚರ್ಮ ಹದ ಮಾಡಿದವರು ಎಲ್ಲಿದ್ದರು ಎಂದು ಕೈ ತೋರಿಸುವ ಒಂದು ನಿಲುಗಡೆಯೂ ಇಲ್ಲ.

ಗುರುತು ಎಲ್ಲಿ ಹಾಕಬೇಕು ಎಂಬುದು ಮುಖ್ಯ ಜಗಳ. 1992ರಿಂದ ಯುರೋಪಿನ ಊರೂರುಗಳಲ್ಲಿ ಗುಂಟರ್ ಡೆಮ್ನಿಗ್ ಎಂಬ ಜರ್ಮನ್ ಕಲಾವಿದ, ನಾಜಿಗಳಿಗೆ ಬಲಿಯಾದವರು ಕಡೆಯದಾಗಿ ವಾಸವಿದ್ದ ಮನೆಗಳ ಮುಂದೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ ಹೂಳುತ್ತಾ ಬಂದರು, ಲಕ್ಷ ದಾಟಿದೆ. ಮ್ಯೂನಿಕ್ ನಗರ ಮಾತ್ರ ತನ್ನ ರಸ್ತೆಗಳಲ್ಲಿ ಅದನ್ನು ಒಪ್ಪಲಿಲ್ಲ. ಸತ್ತವರ ಹೆಸರನ್ನು ಮತ್ತೆ ಕಾಲಲ್ಲಿ ತುಳಿಸಬೇಡಿ ಎಂದು ವಾದಿಸಿದವರಲ್ಲಿ ಆ ಊರಿನ ಯೆಹೂದಿ ಮುಖಂಡರೇ ಮುಂದಿದ್ದರು. ನಮ್ಮ ಕಡೆಯೂ ಇದೇ ಪ್ರಶ್ನೆ ಏಳುತ್ತದೆ. ಕೇರಿಯ ಹುಡುಗನೊಬ್ಬನನ್ನು ಕೇಳಿದರೆ ‘ಬೋರ್ಡು ನಮ್ಮನೆ ಮುಂದೆ ಯಾಕಣ್ಣ? ಬಾವಿ ನಿಮ್ಮದು, ಗುಡಿ ನಿಮ್ಮದು, ಲೋಟ ಬೇರೆ ಇಟ್ಟಿದ್ದ ಹೋಟ್ಲು ನಿಮ್ಮದು, ಅಲ್ಲಾಕಿ’ ಎನ್ನುತ್ತಾನೆ. ಅವನು ಹೇಳುವುದೇ ನ್ಯಾಯ. ಫ್ರಾಂಕ್‌ಫರ್ಟಿನಲ್ಲೂ ಬೀದಿಯನ್ನು ಗೊತ್ತುಮಾಡಿದ್ದು ಬೀದಿಯವರಲ್ಲ, ನಗರಸಭೆಯ ಹಜಾರದಲ್ಲಿ ಕೂತವರು.

ಹಾಗಾಗಿ ಅಕ್ಕಿಹೆಬ್ಬಾಳಿನಂಥ ಹೋಬಳಿ ಊರುಗಳಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು ಮಕ್ಕಳಿಂದ ಊರಿನ ಒಂದು ನಕ್ಷೆ ಬರೆಸಲಿ. ಯಾವ ಬಾವಿ ಯಾವ ವರ್ಷದವರೆಗೆ ಯಾರಿಗೆ ಇರಲಿಲ್ಲ, ಯಾವ ದಾರಿಯಲ್ಲಿ ಚಪ್ಪಲಿ ಕೈಗೆ ತಗೊಳ್ಳಬೇಕಿತ್ತು, ಜಾತ್ರೆಯ ತೇರು ಎಲ್ಲಿಗೆ ಬಂದು ತಿರುಗುತ್ತಿತ್ತು, ಕ್ಷೌರದಂಗಡಿ ಯಾವಾಗ ಎಲ್ಲರಿಗೂ ತೆರೆಯಿತು, ಮೊದಲು ಒಳಗೆ ಕಾಲಿಟ್ಟವರು ಯಾರು ಎಂದು ಅದರಲ್ಲಿ ಹೆಸರು ಸಮೇತ ಬರೆಯಲಿ. ಗ್ರಾಮ ಪಂಚಾಯಿತಿ ಒಪ್ಪುವುದಿಲ್ಲ, ಊರಲ್ಲಿ ಗಲಾಟೆಯಾಗುತ್ತದೆ, ಮೇಷ್ಟ್ರಿಗೆ ವರ್ಗಾವಣೆಯಾಗುತ್ತದೆ ಎಂಬ ಮಾತು ಪೊಳ್ಳಲ್ಲ. ಫ್ರಾಂಕ್‌ಫರ್ಟಿನಲ್ಲೂ ಸುಮ್ಮನೆ ಆಗಲಿಲ್ಲ, ಗುಂಡಿಗೆ ಇಳಿದವರನ್ನು ಪೊಲೀಸರು ಎತ್ತಿ ಹಾಕಬೇಕಾಯಿತು. ನಕ್ಷೆಯ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವವರು ಊರಲ್ಲೂ ಕೇರಿಯಲ್ಲೂ ಇನ್ನೂ ಇದ್ದಾರೆ, ಹೆಚ್ಚಿನವರಿಗೆ ಅರವತ್ತು ದಾಟಿದೆ. ಜರ್ಮನಿಯಲ್ಲಿ ಓದುತ್ತಾ ರಜೆಗೆ ಊರಿಗೆ ಬರುವ ನಮ್ಮ ವಿದ್ಯಾರ್ಥಿಗೆ ಫೋನಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳುವುದು ಬರುತ್ತದೆ. ಎರಡೂ ಕಡೆಯವರನ್ನು ಕೂರಿಸಿಕೊಂಡು ಕೇಳಲಿ, ಮೊದಲು ತನ್ನ ಅಜ್ಜನನ್ನು.